ಊಟ ಅಂಗನವಾಡಿಯಲ್ಲಿದೆ, ಬಸುರಿ ಏಕೆ ಬರುತ್ತಿಲ್ಲ?

ಕರ್ನಾಟಕ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ,

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಹಿಂದಿನ ಲೆಕ್ಕಾಚಾರವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಮನೆಗೆ ಕೊಟ್ಟ ಪಡಿತರ ಗರ್ಭಿಣಿಯ ಹೊಟ್ಟೆ ಸೇರುವುದಿಲ್ಲ, ಮನೆಯ ಪಾತ್ರೆ ಸೇರುತ್ತದೆ. ಗಂಡ, ಮಕ್ಕಳು, ಅತ್ತೆ, ಮಾವ ಉಂಡ ಮೇಲೆ ತಳದಲ್ಲಿ ಉಳಿದದ್ದು ಅವಳ ಪಾಲು. ಆದ್ದರಿಂದ ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲನ್ನು ಅಂಗನವಾಡಿಯಲ್ಲೇ ಬಡಿಸೋಣ, ಕಬ್ಬಿಣಾಂಶದ ಮಾತ್ರೆಯನ್ನೂ ಅಲ್ಲೇ ನುಂಗಿಸೋಣ ಎಂದು ಯೋಚಿಸಿದವರು ನಮ್ಮ ಅಡುಗೆಮನೆಗಳನ್ನು ಚೆನ್ನಾಗಿ ಬಲ್ಲವರು. ಅವರು ಅಷ್ಟಾಗಿ ಯೋಚಿಸದೆ ಬಿಟ್ಟದ್ದು ಅಡುಗೆಮನೆಯಿಂದ ಅಂಗನವಾಡಿಯವರೆಗಿನ ದಾರಿಯನ್ನು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇಕಡಾ 45.4ರಷ್ಟಿತ್ತು, ಮುಂದಿನ ಸುತ್ತಿನಲ್ಲಿ, ಅಂದರೆ 2019-20ರಲ್ಲಿ, 45.7. ಆಗಿನ್ನೂ ಎರಡೇ ವರ್ಷವಾಗಿದ್ದ ಯೋಜನೆಯಿಂದ ಪವಾಡ ಕೇಳುವುದು ಅವಸರವೆಂದು ಒಪ್ಪುತ್ತೇನೆ. ಆದರೆ ಬಸುರಿಯರು ಊಟಕ್ಕೆ ಏಕೆ ಬರುತ್ತಿಲ್ಲ ಎಂದು ಕೇಳಿದಾಗಲೆಲ್ಲ ‘ಅರಿವಿನ ಕೊರತೆ’ ಎಂಬ ಉತ್ತರ ಬರುತ್ತದಲ್ಲ, ಅದನ್ನು ಒಪ್ಪಲಾರೆ. ಆ ಉತ್ತರದಿಂದ ಇಲಾಖೆಗೆ ಒಂದು ಅನುಕೂಲವಿದೆ: ಗೋಡೆಬರಹ ಬರೆಸಿದರೆ ಕೆಲಸ ಮುಗಿಯಿತು.

ನಮ್ಮ ಮಲೆನಾಡಿನಲ್ಲಿ ಊರೆಂದರೆ ತೋಟದ ಮೂಲೆಗೊಂದು, ಗುಡ್ಡದ ಬದಿಗೊಂದು ಒಂಟಿ ಮನೆ. ಜೂನ್ ಕಳೆಯುವಷ್ಟರಲ್ಲಿ ಹಳ್ಳ ತುಂಬುತ್ತದೆ. ಏಳು ತಿಂಗಳ ಬಸುರಿ ಹಳ್ಳದ ಮೇಲಿನ ಜಾರುವ ಕಾಲುಸಂಕ ದಾಟಿ ಹೋಗಿ ಉಂಡು, ಅದೇ ಸಂಕ ದಾಟಿ ವಾಪಸಾಗಬೇಕೆ? ನಾನಾದರೂ ಹೋಗುತ್ತಿರಲಿಲ್ಲ. ಬಯಲುಸೀಮೆಯ ಕೂಲಿಯವಳಿಗೆ ಸಂಕವಿಲ್ಲ, ಆದರೆ ನಡುಮಧ್ಯಾಹ್ನ ಹೊಲ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ.

ದೂರವಿಲ್ಲದ ಮನೆಗಳಲ್ಲೂ ಅಡ್ಡಿಯಿದೆ. ಮನೆಮಂದಿಗೆ ಬಡಿಸಬೇಕಾದ ಹೊತ್ತಿನಲ್ಲಿ ಸೊಸೆ ಹೊರಗೆ ಹೋಗಿ ಒಬ್ಬಳೇ ಉಂಡು ಬರುವುದೆಂದರೆ ಏನೆಂದು ಯಾವ ಸುತ್ತೋಲೆಗೂ ಅರ್ಥವಾಗುವುದಿಲ್ಲ. ‘ನಮ್ಮ ಮನೆಯಲ್ಲಿ ಊಟಕ್ಕೆ ಗತಿಯಿಲ್ಲವೇ’ ಎಂದು ಅತ್ತೆ ಒಮ್ಮೆ ಅಂದರೆ ಸಾಕು, ಮರುದಿನದಿಂದ ಅವಳು ಬರುವುದಿಲ್ಲ. ಅಡುಗೆ ಮಾಡುವ ಸಹಾಯಕಿಯ ಜಾತಿ ನೋಡಿ ಸೊಸೆಯನ್ನು ಕಳುಹಿಸದ ಮನೆಗಳೂ ಇವೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ರುಚಿಯಿಲ್ಲ ಎನ್ನುತ್ತಾರೆ. ಕಾರಣ ಕೇಳಲು ಹೋದವರೂ ಹಾಗೆಯೇ ಬರೆದುಕೊಳ್ಳುತ್ತಾರೆ.

ಇನ್ನು ಆ ಕೆಂಪು ಮಾತ್ರೆ. ಅರವತ್ತು ಮಿಲಿಗ್ರಾಂ ಕಬ್ಬಿಣಾಂಶ, ಗರ್ಭಿಣಿಗೆ ಕನಿಷ್ಠ 180 ದಿನ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಹೀಗಾಗುವುದು ಸಹಜವೆಂದು ಮೊದಲೇ ಹೇಳಿದವರಿಲ್ಲದಿದ್ದರೆ ಯಾರಿಗಾದರೂ ಭಯವಾಗುತ್ತದೆ. ಮಾತ್ರೆ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎನ್ನುವ ಅಜ್ಜಿಯರನ್ನು ನಾವು ಮೂಢರೆಂದು ನಗುತ್ತೇವೆ. ಆಸ್ಪತ್ರೆಗೆ ದಾರಿಯೇ ಇಲ್ಲದ ಕಾಲದಲ್ಲಿ, ಮಗು ಅಡ್ಡವಾಗಿ ಮೂರು ದಿನ ಹೆರಿಗೆ ನೋವಿನಲ್ಲಿ ನರಳಿದ ಬಸುರಿಯರನ್ನು ಕಂಡ ತಲೆಮಾರು ಅದು. ಅವರ ತೀರ್ಮಾನ ತಪ್ಪು, ಆದರೆ ಆ ಭಯ ಎಲ್ಲಿಂದಲೋ ಹಾರಿಬಂದದ್ದಲ್ಲ. ಭಿತ್ತಿಪತ್ರ ನೋಡಿ ಅದು ಹೋಗುವುದಿಲ್ಲ. ಅದೇ ಕೇರಿಯಲ್ಲಿ ಮಾತ್ರೆ ತಿಂದು ಸುಖವಾಗಿ ಹೆತ್ತವಳು ಎದುರು ಕುಳಿತು ಹೇಳಿದರೆ ಹೋದೀತು.

ಹಾಗಾಗಿ ನನ್ನ ಕೋರಿಕೆ ಸ್ವಲ್ಪ ವಿಚಿತ್ರವೆನಿಸಬಹುದು. ಅತ್ತೆಗೂ ಒಂದು ತಟ್ಟೆ ಹಾಕಿಸಿ. ವಾರಕ್ಕೊಮ್ಮೆಯಾದರೂ ಸಾಕು, ಸೊಸೆಯ ಜೊತೆ ಬಂದು ಉಣ್ಣಲಿ. ಅಂಗನವಾಡಿಗಳಲ್ಲಿ ಸೀಮಂತ ಮಾಡಿಸುತ್ತೀರಿ, ಮಡಿಲು ತುಂಬುತ್ತೀರಿ, ಫೋಟೊ ತೆಗೆಯುತ್ತೀರಿ. ಗಂಡನನ್ನೂ ಅಲ್ಲಿ ಕೂರಿಸಿ, ತಾಯಿ ಕಾರ್ಡಿನಲ್ಲಿ ಬರೆದ ಹಿಮೋಗ್ಲೋಬಿನ್ ಎಷ್ಟು, ಹನ್ನೊಂದಕ್ಕಿಂತ ಕಡಿಮೆಯಾದರೆ ಏನರ್ಥ ಎಂದು ಅವನಿಗೇ ಓದಿ ಹೇಳಿಸಿ. ಮನೆಯಲ್ಲಿ ದುಡ್ಡಿನ, ಊಟದ, ಆಸ್ಪತ್ರೆಯ ತೀರ್ಮಾನ ಅವರಿಬ್ಬರದೇ ಆಗಿರುವಾಗ ಬುದ್ಧಿವಾದವೆಲ್ಲ ಸೊಸೆಗೊಬ್ಬಳಿಗೇ ಏಕೆ?

ಹಳ್ಳದಾಚೆಯ ಮನೆಗಳಿಗೆ ಮಳೆಗಾಲದಲ್ಲಿ ಡಬ್ಬಿಯಲ್ಲಿ ಊಟ ಹೋಗಲಿ. ಡಬ್ಬಿಯ ಊಟ ಹಂಚಿಹೋಗುತ್ತದೆ ಎಂದು ನಿಮ್ಮ ಅಧಿಕಾರಿಗಳು ಆಕ್ಷೇಪಿಸುತ್ತಾರೆ, ಅದು ನಿಜವೂ ಹೌದು. ಹಾಗಾದರೆ ಇಬ್ಬರಿಗಾಗುವಷ್ಟು ಕಳುಹಿಸಿ. ಡಬ್ಬಿ ಹೊರುವ ಕೆಲಸವನ್ನು ಮಾತ್ರ ದಯವಿಟ್ಟು ಕಾರ್ಯಕರ್ತೆಯ ತಲೆಗೆ ಕಟ್ಟಬೇಡಿ, ಊರಿನ ಸ್ವಸಹಾಯ ಸಂಘಕ್ಕೆ ಸಂಬಳ ಕೊಟ್ಟು ಒಪ್ಪಿಸಿ. ಕೂಲಿಯ ಊರುಗಳಲ್ಲಿ ಊಟದ ಹೊತ್ತನ್ನು ಆಯಾ ಊರಿನ ಹೆಂಗಸರೇ ಗೊತ್ತುಮಾಡಲಿ. ಬೆಂಗಳೂರಿನಿಂದ ಗಂಟೆ ಹೊಡೆಯುವುದು ಬೇಡ.

ಕೊನೆಯದಾಗಿ, ಹಾಜರಿ ಪುಸ್ತಕದಲ್ಲಿ ಬಂದವರ ಲೆಕ್ಕವಿದೆ. ಬಾರದವರ ಹೆಸರಿನ ಮುಂದೆ ಕಾರಣ ಬರೆಯಲು ಒಂದು ಅಂಕಣ ಸೇರಿಸಿ, ‘ಅರಿವಿನ ಕೊರತೆ’ ಎಂದು ಬರೆಯಲು ಅಲ್ಲಿ ಅವಕಾಶ ಕೊಡಬೇಡಿ. ಕಾರ್ಯಕರ್ತೆಯರು ಈಗಾಗಲೇ ದಾಖಲೆಗಳಲ್ಲಿ, ಮೊಬೈಲ್ ಆ್ಯಪ್‌ನಲ್ಲಿ ಹೂತುಹೋಗಿದ್ದಾರೆ. ಆದ್ದರಿಂದ ಈ ಒಂದು ಅಂಕಣ ಸೇರಿಸುವ ಮೊದಲು ಬೇರೆ ಎರಡನ್ನು ತೆಗೆದುಹಾಕಿ.

ಇಂತಿ,
ಮಲೆನಾಡಿನ ಒಬ್ಬ ನಿವೃತ್ತ ಶಿಕ್ಷಕಿ