ಕೊಳವೆಬಾವಿಯ ಗುಳ್ಳೆ ಗ್ಯಾಸ್ ನಿಕ್ಷೇಪವಲ್ಲ

ಮಾನ್ಯ ಸಂಪಾದಕರೇ,

ಕೊಳವೆಬಾವಿ ನೀರಲ್ಲಿ ಗುಳ್ಳೆ ಎದ್ದರೆ ಸಾಕು, ಕೋಲಾರದ ನೆಲದಡಿ ಗ್ಯಾಸ್ ಇದೆಯೆಂಬ ಗುಲ್ಲು ಏಳುತ್ತದೆ. ಬಂಡೆಯಲ್ಲಿ ಗ್ಯಾಸ್ ನಿಲ್ಲುವುದೇನೋ ನಿಜ. ಚೀನಾದ ಡಾಂಗ್‌ಪಿಂಗ್, ಸುಮಾತ್ರಾದ ಸುಬಾನ್‌ಗಳಲ್ಲಿ ತಳಬಂಡೆಯಿಂದಲೇ, ಅಂದರೆ ಮೇಲಿನ ಪದರಶಿಲೆಗಳ ಅಡಿಯ ಹಳೆಯ ಗಟ್ಟಿ ಬಂಡೆಯಿಂದಲೇ, ಗ್ಯಾಸ್ ತೆಗೆದಿದ್ದಾರೆ.

ಗಟ್ಟಿ ಗ್ರಾನೈಟ್‌ನಲ್ಲಿ ಖಾಲಿ ಜಾಗ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಮಳೆನೀರು ಯುಗಗಟ್ಟಲೆ ಇಳಿದಾಗ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಬೆಣಚುಕಲ್ಲಿನ ಹರಳು ಉಳಿಯುತ್ತದೆ. ತೀರಾ ಮೇಲಿನ ಪದರದ ಸಂದುಗಳನ್ನು ಆ ಜೇಡಿಯೇ ಮುಚ್ಚಿಬಿಡುತ್ತದೆ. ಅದರ ಕೆಳಗಿನ, ಅರೆಬರೆ ಶಿಥಿಲವಾಗಿ ಬಿರುಕುಬಿಟ್ಟ ಪದರವೇ ಗ್ಯಾಸ್‌ಗಾಗಲಿ ನೀರಿಗಾಗಲಿ ನಿಜವಾದ ಉಗ್ರಾಣ. ನಮ್ಮಲ್ಲಿ ಕೇಸಿಂಗ್ ದಾಟಿದ ಮೇಲೆ ಹಿಂದೆಲ್ಲ ಮೊದಲ ನೀರು ಸಿಗುತ್ತಿದ್ದುದೂ ಅಲ್ಲೇ.

ಆದರೆ ಗ್ರಾನೈಟ್ ತಾನೇ ಗ್ಯಾಸ್ ಹುಟ್ಟಿಸದು. ಪಕ್ಕದ ತಗ್ಗಿನಲ್ಲಿ ಜೈವಿಕ ಅಂಶವುಳ್ಳ ಜೇಡಿಶಿಲೆ ಆಳದ ಶಾಖಕ್ಕೆ ಬೆಂದಿರಬೇಕು. ಅಲ್ಲಿಂದ ಗ್ಯಾಸ್ ಬಿರುಕು ಹಿಡಿದು ಬಂಡೆಗೆ ಏರಬೇಕು. ಮೇಲೆ ಬಿಗಿಯಾದ ಮುಚ್ಚುಪದರ ಇರಬೇಕು. ಕೋಲಾರದಲ್ಲಿ ಬಂಡೆಯೇ ಬಯಲಿಗೆ ಬಿದ್ದಿದೆ, ಉಳಿದದ್ದು ಎಲ್ಲಿಂದ ಬರಬೇಕು?

ಗುಳ್ಳೆಗೆ ಸಾಮಾನ್ಯ ಕಾರಣ, ನೀರು ಪಂಪಿನ ಮಟ್ಟಕ್ಕೆ ಇಳಿದು ಮೋಟಾರು ಗಾಳಿ ಎಳೆಯುವುದು. ಗೇಟ್‌ವಾಲ್ವ್ ಸ್ವಲ್ಪ ತಿರುಗಿಸಿ ಹರಿವು ತಗ್ಗಿಸಿ, ಗುಳ್ಳೆ ನಿಲ್ಲುತ್ತದೆಯೇ ನೋಡಿ. ಕೊಳಚೆ ಸೇರಿದ ಬಾವಿಯಲ್ಲಿ ಮೀಥೇನ್ ಇರಬಹುದು, ಕಡ್ಡಿ ಗೀರಿ ಪರೀಕ್ಷಿಸಬೇಡಿ.

– ಓದುಗರು, ಬಂಗಾರಪೇಟೆ