ಹೊಲಿಗೆ ಮೆಷಿನ್‌ಗೆ ಅಡ್ವಾನ್ಸ್ ಕೊಡುವ ಮೊದಲು

ಪ್ರೀತಿಯ ಪುಟ್ಟಿ,

ಕಲಬುರಗಿಯ ನಿಮ್ಮ ಚರ್ಚ್ ಸಭೆಯಲ್ಲಿ ಬಡ ಹೆಣ್ಣುಮಕ್ಕಳಿಗೆ ಕೆಲಸ ಕಲಿಸುವ ಜವಾಬ್ದಾರಿ ನಿನಗೆ ಕೊಟ್ಟಿದ್ದಾರೆ ಅಂತ ನಿನ್ನಮ್ಮ ಹೇಳಿದಳು. ನಿನ್ನ ವಾಯ್ಸ್ ಮೆಸೇಜೂ ಕೇಳಿದೆ. ಒಂದಷ್ಟು ಹೊಲಿಗೆ ಮೆಷಿನ್, ಒಬ್ಬ ಟೀಚರ್, ಆರು ತಿಂಗಳ ಕೋರ್ಸ್, ಕೊನೆಗೆ ಸರ್ಟಿಫಿಕೇಟ್. ಸಭಾಪಾಲಕರು ಒಪ್ಪಿದ್ದಾರೆ, ಮೆಷಿನ್‌ಗೆ ಅಡ್ವಾನ್ಸ್ ಕೊಡುವುದೊಂದೇ ಬಾಕಿ ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಹಾಗೇ ಉಳಿಯುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಅಡ್ವಾನ್ಸ್ ಸದ್ಯ ಕೊಡಬೇಡ.

ಹೊಲಿಗೆ ಕಲಿಸಬೇಡ ಅಂತಲ್ಲ. ಹುಬ್ಬಳ್ಳಿಯ ನಮ್ಮ ಮಹಿಳಾ ಸಂಘದಲ್ಲಿ ನಾನು ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೂ ಅದನ್ನೇ. ಆದರೆ ಕಲಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಲಿತವಳ ಕೈಗೆ ಅವಳದೇ ದುಡ್ಡು ಬರುವವರೆಗೂ ಜೊತೆಗಿರುವುದು ಕಷ್ಟದ್ದು. ನಮ್ಮ ಸಭೆಗಳು ಮೊದಲನೆಯದಕ್ಕೆ ಬಜೆಟ್ ಹಾಕುತ್ತವೆ, ಎರಡನೆಯದಕ್ಕೆ ಪ್ರಾರ್ಥನೆ ಮಾಡುತ್ತವೆ. ನಗಬೇಡ, ನಿಜ ಹೇಳುತ್ತಿದ್ದೇನೆ.

ಬೈಬಲ್ಲಿನಲ್ಲಿ ಪ್ರವಾದಿ ಎಲೀಷನ ಹತ್ತಿರ ಬಂದ ವಿಧವೆಯ ಕಥೆ ಭಾನುವಾರ ಶಾಲೆಯಲ್ಲಿ ನೀನೇ ಹೇಳುತ್ತಿದ್ದೆ. ಗಂಡ ಸತ್ತಿದ್ದಾನೆ, ಸಾಲಗಾರ ಬಂದು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಮನೆಯಲ್ಲಿದ್ದ ಒಂದಿಷ್ಟು ಎಣ್ಣೆ ಕಡ ತಂದ ಪಾತ್ರೆಗಳಲ್ಲೆಲ್ಲ ತುಂಬಿದ ಪವಾಡ ಎಲ್ಲರಿಗೂ ನೆನಪಿರುತ್ತದೆ. ಆದರೆ ಅದಕ್ಕೂ ಮೊದಲು ಪ್ರವಾದಿ ಕೇಳಿದ್ದು, ನಿನ್ನ ಮನೆಯಲ್ಲಿ ಏನಿದೆ ಅಂತ. ಕೊನೆಗೆ ಹೇಳಿದ್ದು, ಎಣ್ಣೆ ಮಾರು, ಸಾಲ ತೀರಿಸು, ಉಳಿದಿದ್ದರಲ್ಲಿ ಜೀವನ ಮಾಡು ಅಂತ. ಪಾತ್ರೆ ಕೊಟ್ಟವರು ನೆರೆಹೊರೆಯವರು. ನಿನ್ನ ಯೋಜನೆಯನ್ನು ಈ ಕ್ರಮದಲ್ಲಿ ಮತ್ತೊಮ್ಮೆ ಬರೆ.

ಮನೆಯಲ್ಲಿ ಏನಿದೆ? ನಿನ್ನ ಊರಲ್ಲಿ ಜೋಳದ ರೊಟ್ಟಿ ಬಡಿಯುವ ಕೈಗಳಿವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಇದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ನಿಮ್ಮ ಜಿಲ್ಲಾಡಳಿತವೇ ‘ಕಲಬುರಗಿ ರೊಟ್ಟಿ’ ಅಂತ ಹೆಸರಿಟ್ಟು ಸ್ವಸಹಾಯ ಸಂಘದ ಹೆಣ್ಣುಮಕ್ಕಳ ರೊಟ್ಟಿಗೆ ಮಾರುಕಟ್ಟೆ ಮಾಡಿಕೊಟ್ಟಿದೆ. ಅಂಥವಳಿಗೆ ಬೇಕಾದ ತರಬೇತಿ ಬೇರೆ. ಪ್ಯಾಕಿಂಗ್, ತಿಂಡಿ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಲೆಕ್ಕ ಬರೆಯುವುದು, ಅಂಗಡಿಯವನ ಹತ್ತಿರ ಉದ್ದರಿ ವಸೂಲಿ ಮಾಡುವುದು. ಹೊಲಿಗೆಯೇ ಬೇಕು ಅನ್ನುವವರಿಗೆ ಹೊಲಿಗೆ ಇರಲಿ. ಆದರೆ ಅದಕ್ಕೂ ಮೊದಲು ಬಡಾವಣೆಯಲ್ಲಿ ಎಷ್ಟು ಟೈಲರ್ ಇದ್ದಾರೆ, ಯಾರ ಹತ್ತಿರ ಬ್ಲೌಸ್ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ, ಫಾಲ್ ಪೀಕೋಗೆ ಜನ ಎಲ್ಲಿಗೆ ಹೋಗುತ್ತಾರೆ, ಸೀರೆ ಕುಚ್ಚಿಗೆ ಎಷ್ಟು ತೆಗೆದುಕೊಳ್ಳುತ್ತಾರೆ, ಇಷ್ಟನ್ನು ಓಡಾಡಿ ತಿಳಿದುಕೊ.

ಈಗ ವಿಧವೆಯರಿಗಾಗಿ ದುಡಿದ ಪಂಡಿತಾ ರಮಾಬಾಯಿಯವರ ವಿಷಯ. ನೀನು ಅವರ ಫೋಟೋ ಗೋಡೆಗೆ ಹಾಕುತ್ತೇನೆ ಅಂದೆ, ಹಾಕು. ನಮ್ಮ ಕಾರ್ಕಳದ ಮಾಳದ ಹತ್ತಿರ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರ ತಂದೆ ಊರವರ ವಿರೋಧ ಕಟ್ಟಿಕೊಂಡಿದ್ದರು. ತಂದೆ ತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡು, 23ನೇ ವಯಸ್ಸಿಗೆ ಗಂಡನನ್ನೂ ಕಳೆದುಕೊಂಡು, ಕೈಯಲ್ಲಿ ಕೂಸು ಇಟ್ಟುಕೊಂಡು ಇಂಗ್ಲೆಂಡಿಗೆ ಹೋದರು. 1883ರಲ್ಲಿ ಅಲ್ಲೇ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ಹಸಿವು ಅಂದರೇನು ಅಂತ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ನೀನು ಗಮನಿಸಬೇಕಾದದ್ದು ಅವರ ಲೆಕ್ಕಾಚಾರ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರು ಮಾಡಿದಾಗ ಅಮೆರಿಕದ ಸಂಘವೊಂದು ಹತ್ತು ವರ್ಷ ಹಣ ಕೊಡುವ ಮಾತು ಕೊಟ್ಟಿತ್ತು. ಆ ಗಡುವು ಮುಗಿಯುವುದರೊಳಗೇ ಅವರು ಪುಣೆ ಹತ್ತಿರದ ಕೇಡಗಾಂವದಲ್ಲಿ ಜಮೀನು ತೆಗೆದುಕೊಂಡು ಹಣ್ಣಿನ ತೋಟಕ್ಕೆ ಕೈ ಹಾಕಿದರು. 1896–97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯದಿಂದ ನೂರಾರು ಹುಡುಗಿಯರನ್ನು ಕರೆತಂದಾಗ ಆ ಜಮೀನೇ ಮುಕ್ತಿ ಮಿಷನ್ ಅನ್ನುವ ಆಶ್ರಯ ಆಯಿತು. ಗುಜರಾತಿನ ಬರ ಬಂದ ಮೇಲೆ ಅಲ್ಲಿದ್ದವರು ಸುಮಾರು 2000 ಜನ. ಅವರೆಲ್ಲ ಬರೀ ಹೊಲಿಗೆ ಕಲಿಯಲಿಲ್ಲ. ನೇಯ್ಗೆ, ಹೈನು, ಎಣ್ಣೆ ಗಾಣ, ಅಡುಗೆ, ಬೇಸಾಯ. ಅಕ್ಷರ ಗೊತ್ತಿಲ್ಲದೆ ಬಂದ ಹುಡುಗಿಯರು ಮುಂದೆ ಅಲ್ಲಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದರು. ರಮಾಬಾಯಿಯವರ ಮರಾಠಿ ಬೈಬಲ್ ಅಚ್ಚಾಗಿದ್ದು ಅದೇ ಪ್ರೆಸ್ಸಿನಲ್ಲಿ. ಕುರುಡರೂ ಅಲ್ಲಿ ಸುಮ್ನೆ ಕೂತು ಊಟ ಮಾಡಲಿಲ್ಲ. ಬ್ರೈಲ್ ಓದಲು ಕಲಿತರು, ಬುಟ್ಟಿ ಹೆಣೆದರು. ಒಬ್ಬೊಬ್ಬಳಿಗೂ ಅವಳಿಗೆ ಒಗ್ಗುವ ಕೆಲಸ. ನಿನ್ನ ಹಾಗೆ ಎಲ್ಲರಿಗೂ ಒಂದೇ ಮೆಷಿನ್ ಅಲ್ಲ.

ಕಲಬುರಗಿಯಿಂದ ಪುಣೆಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ ಸಿಗುತ್ತದೆ. ಒಮ್ಮೆ ಹೋಗಿ ನೋಡಿಕೊಂಡು ಬಾ, ಮಿಷನ್ ಇನ್ನೂ ಇದೆ. ಅಂದಹಾಗೆ, ರಮಾಬಾಯಿಯವರ ಮಗಳು ಮನೋರಮಾ 1912ರ ಹೊತ್ತಿಗೆ ನಿನ್ನ ಊರಿಗೇ ಬಂದು ಕ್ರಿಶ್ಚಿಯನ್ ಹೈಸ್ಕೂಲ್ ಶುರು ಮಾಡಿದವರು. ನಿಮ್ಮ ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆ, ಕೇಳಿ ನೋಡು.

ಅವರ ಜೀವನದಲ್ಲೇ ಇನ್ನೊಂದು ಪ್ರಸಂಗ ಇದೆ. ಅದನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಶಾರದಾ ಸದನ ಮುಂಬೈಯಿಂದ ಪುಣೆಗೆ ಬಂದ ಮೇಲೆ, 1893ರಲ್ಲಿ, ಅಲ್ಲಿ ದೊಡ್ಡ ಗಲಾಟೆಯಾಯಿತು. ಸದನದಲ್ಲಿ ಧರ್ಮದ ವಿಷಯಕ್ಕೆ ಕೈ ಹಾಕುವುದಿಲ್ಲ ಅಂತ ಮಾತಾಗಿತ್ತು. ಆದರೆ ಕೆಲವು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂರುತ್ತಿದ್ದರು. ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ, ನಾನು ಯಾರನ್ನೂ ಕರೆದಿಲ್ಲ ಅನ್ನುವುದು ಅವರ ಉತ್ತರ. ರಾನಡೆ, ಭಂಡಾರಕರ್ ಅಂಥ ಸಮಾಜ ಸುಧಾರಕರು ಸದನದ ಸಲಹಾ ಸಮಿತಿ ಬಿಟ್ಟರು. ಹಲವರು ತಮ್ಮ ಹುಡುಗಿಯರನ್ನು ವಾಪಸ್ ಕರೆದುಕೊಂಡು ಹೋದರು. ರಮಾಬಾಯಿಯವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ನನ್ನನ್ನು ಒಂದು ಪ್ರಶ್ನೆ ಬಿಡುವುದಿಲ್ಲ. ಅನ್ನ ಹಾಕುವವಳ ಬಾಗಿಲು ತೆರೆದಿದ್ದರೆ, ಹಸಿದವಳಿಗೆ ‘ನಾನು ಬರಲ್ಲ’ ಅನ್ನುವ ಧೈರ್ಯ ಎಷ್ಟಿರುತ್ತದೆ?

ಅದಕ್ಕೇ ನಿನ್ನ ತರಗತಿ ಬೇರೆ, ಪ್ರಾರ್ಥನೆ ಬೇರೆ ಇರಲಿ. ಬೇರೆ ಹೊತ್ತು, ಬೇರೆ ಜಾಗವೂ ಇರಲಿ. ಬಂದವರು ಯಾರು, ಬರದವರು ಯಾರು ಅಂತ ಕಣ್ಣಲ್ಲೂ ಎಣಿಸಬೇಡ. ಮುಸ್ಲಿಂ ಹೆಣ್ಣುಮಗಳು ಬಂದರೆ, ಲಿಂಗಾಯತರ ಮನೆಯವಳು ಬಂದರೆ, ಅವಳು ಬಂದ ಹಾಗೇ ಹೋದರೂ ನಿನ್ನ ಕೆಲಸಕ್ಕೆ ಏನೂ ಕಡಿಮೆಯಾಗುವುದಿಲ್ಲ. ಯೇಸು ಹತ್ತು ಜನ ಕುಷ್ಠರೋಗಿಗಳನ್ನು ವಾಸಿ ಮಾಡಿದಾಗ ತಿರುಗಿ ಬಂದವನು ಒಬ್ಬನೇ, ಮಿಕ್ಕವರ ರೋಗ ವಾಪಸ್ ಬರಲಿಲ್ಲ ಅಲ್ವಾ? ಇನ್ನೊಂದು, ಭಾನುವಾರ ಅವರನ್ನು ಸಭೆಯ ಮುಂದೆ ನಿಲ್ಲಿಸಿ ಕಷ್ಟ ಹೇಳಿಸಬೇಡ. ಮೆಷಿನ್ ಕೊಡುವ ಫೋಟೋ ವಾಟ್ಸಾಪಿನಲ್ಲಿ ಹಾಕುವುದೂ ಬೇಡ. ದಾನ ಕೊಟ್ಟವರು ಕೇಳುತ್ತಾರೆ. ದೊಡ್ಡಮ್ಮ ಬೈಯುತ್ತಾಳೆ ಅಂತ ಹೇಳು.

ಇನ್ನು ಜೊತೆಗಿರುವವರ ವಿಷಯ. ನೀವು ಅದಕ್ಕೆ ಮೆಂಟರ್ ಅನ್ನುತ್ತೀರಿ. ಒಬ್ಬಳಿಗೆ ಒಬ್ಬರು ಸಾಕು. ಆದರೆ ಸಭೆಯಲ್ಲಿ ಒಳ್ಳೆಯ ಸೀರೆ ಉಡುವವರನ್ನೇ ಆರಿಸಬೇಡ. ತಾನೇ ದುಡಿದು ಮನೆ ನಡೆಸಿದವಳು ಇರಲಿ. ನರ್ಸಮ್ಮ, ಅಂಗನವಾಡಿ ಟೀಚರ್, ಹೂವಿನ ಅಂಗಡಿಯವಳು. ಅವಳ ಮಾತಿಗೆ ತೂಕ ಜಾಸ್ತಿ. ಇಲ್ಲಿ ನಮ್ಮಲ್ಲಿ ಒಬ್ಬಳು ಕಟೋರಿ ಬ್ಲೌಸ್ ಎಷ್ಟು ಚೆನ್ನಾಗಿ ಹೊಲಿಯುತ್ತಿದ್ದಳು ಅಂದರೆ, ಕಂಕುಳಲ್ಲಿ ಒಂದು ಸುಕ್ಕು ಬೀಳುತ್ತಿರಲಿಲ್ಲ. ಆದರೂ ಮನೆಗೆ ಒಂದು ರೂಪಾಯಿ ಉಳಿಯುತ್ತಿರಲಿಲ್ಲ. ಗಿರಾಕಿಗಳೆಲ್ಲ ಓಣಿಯವರೇ. ಎಷ್ಟು ಅಂತ ಕೇಳಿದರೆ ತಲೆ ಬಗ್ಗಿಸಿ ‘ನೀವೇ ನೋಡಿ ಕೊಡ್ರಿ’ ಅನ್ನುತ್ತಿದ್ದಳು. ಅವಳ ಜೊತೆಗಿದ್ದವರು ನಿವೃತ್ತ ನರ್ಸ್. ಒಂದು ಮಧ್ಯಾಹ್ನ ಕೂತು ದಾರ, ಲೈನಿಂಗ್, ಹುಕ್, ಕರೆಂಟು, ಅವಳ ಹೊತ್ತು ಎಲ್ಲ ಲೆಕ್ಕ ಹಾಕಿಸಿದರು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ರೇಟು ಬರೆಸಿ ಮೆಷಿನ್ ಮೇಲಿನ ಮೊಳೆಗೆ ತೂಗುಹಾಕಿದರು. ಆಮೇಲೆ ಅವಳು ಬಾಯಿಬಿಟ್ಟು ಕೇಳಬೇಕಾಗಲಿಲ್ಲ, ಬೆರಳು ತೋರಿಸಿದರೆ ಸಾಕಾಗುತ್ತಿತ್ತು. ಯಾವ ಕೋರ್ಸಿನಲ್ಲಿ ಇದು ಬರುತ್ತದೆ ಹೇಳು?

ತರಗತಿಗೆ ಬರುವವರು ಪ್ರತಿ ವಾರ ಅದೇ ದಿನ ತಪ್ಪಿಸುತ್ತಿದ್ದರೆ ಸೋಮಾರಿ ಅನ್ನಬೇಡ. ಅದು ಫೈನಾನ್ಸಿನವರು ಕಂತಿಗೆ ಬರುವ ದಿನವಿರುತ್ತದೆ. ಯಾರಿಗೆ ಎಷ್ಟು ಕಡೆ ಸಂಘದ ಸಾಲ ಇದೆ ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಿಳಿದುಕೊ. ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ನಮ್ಮ ಸರ್ಕಾರ ಕಾನೂನು ತಂದಿದೆ, ಅದನ್ನೂ ಅವರಿಗೆ ಹೇಳು. ಬ್ಯಾಂಕ್ ಖಾತೆ ಎಲ್ಲರದೂ ಇರುತ್ತದೆ, ಗೃಹಲಕ್ಷ್ಮಿಯ 2000 ರೂಪಾಯಿಯೂ ಬರುತ್ತಿರಬಹುದು. ಆದರೆ ಖಾತೆಗೆ ಜೋಡಿಸಿದ ಫೋನ್ ನಂಬರ್ ಯಾರದ್ದು ಅಂತ ನೋಡು. ಗಂಡನದ್ದಾಗಿದ್ದರೆ ಓಟಿಪಿ ಅವನಿಗೆ ಹೋಗುತ್ತದೆ, ದುಡ್ಡೂ ಅವನ ಹಿಂದೆಯೇ ಹೋಗುತ್ತದೆ. ಹೊಡೆಯುವ ಮನೆಯಿದ್ದರೆ ಉಪದೇಶ ಬೇಡ, 181ಕ್ಕೆ ಫೋನ್ ಮಾಡುವುದು ಹೇಗೆ ಅಂತ ತಿಳಿಸಿಕೊಡು.

ಬಸ್ಸಿನ ಚಿಂತೆ ಬೇಡ, ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಮಕ್ಕಳ ಚಿಂತೆ ಮಾತ್ರ ನಿನ್ನದೇ. ಸಭೆ ಸೇರುವ ಹಾಲ್‌ನ ಹಿಂದಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಒಬ್ಬರಿಲ್ಲದಿದ್ದರೆ ಅರ್ಧ ತರಗತಿ ಖಾಲಿ.

ಎಲ್ಲವನ್ನೂ ನೀನೇ ಕಲಿಸಬೇಕು ಅಂತಿಲ್ಲ. 1982ರಲ್ಲಿ ಉಜಿರೆಯಲ್ಲಿ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅದೇ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕುಗಳು ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರ ನಡೆಸುತ್ತಿವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅವರ ಕ್ರಮದಲ್ಲಿ ನನಗೆ ಹಿಡಿಸಿದ್ದು, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಹಿಂದೆ ಇರುತ್ತಾರೆ, ಬ್ಯಾಂಕ್ ಸಾಲಕ್ಕೆ ಓಡಾಡುತ್ತಾರೆ. ಕಲಿಸುವುದಕ್ಕಿಂತ ಅದು ಎಷ್ಟು ಪಾಲು ಉದ್ದ ನೋಡು. ಕಲಿಯಬೇಕಾದವರನ್ನು ಅಲ್ಲಿಗೆ ಕಳಿಸು, ಅವರು ವಾಪಸ್ ಬಂದ ಮೇಲೆ ನಿಮ್ಮ ಸಭೆಯವರು ಜೊತೆಗಿರಲಿ. ಆಗ ಮೆಷಿನ್ ದುಡ್ಡಿನಲ್ಲಿ ಅರ್ಧ ಉಳಿಯುತ್ತದೆ. ಅದನ್ನು ಮಕ್ಕಳ ಕೋಣೆಗೆ, ಮೊದಲ ಬಟ್ಟೆ, ಮೊದಲ ಜೋಳದ ಚೀಲಕ್ಕೆ ಇಡಬಹುದು.

ಮುಂದಿನ ಭಾನುವಾರದೊಳಗೆ ಬರುವ ಹೆಣ್ಣುಮಕ್ಕಳ ಪಟ್ಟಿ ಮಾಡು. ಹೆಸರಿನ ಎದುರು ಅವಳಿಗೆ ಈಗಾಗಲೇ ಏನು ಬರುತ್ತದೆ, ಮನೆಯಲ್ಲಿ ಎಷ್ಟು ಮಕ್ಕಳು, ಕಂತಿನ ದಿನ ಯಾವುದು ಅಂತ ಬರೆದಿಡು. ಹೆಸರು ತೆಗೆದು ನನಗೂ ಒಂದು ಪ್ರತಿ ಕಳಿಸು. ಮೆಷಿನ್ ಬೇಕೇಬೇಕಾದರೆ ಹೊಸದು ಬೇಡ, ಇಲ್ಲಿ ನಮ್ಮ ಸಂಘದ್ದು ಎರಡು ಪೆಡಲ್ ಮೆಷಿನ್ ಚೆನ್ನಾಗಿವೆ. ಬೆಲ್ಟ್ ಬದಲಾಯಿಸಿ ಲಾರಿಗೆ ಹಾಕಿಸುತ್ತೇನೆ. ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ನಿನ್ನ ದೊಡ್ಡಮ್ಮ