ಅಳೆದುಕೊಂಡು ಹೋದವರು ಲೆಕ್ಕವನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿಗೆ ವಿದೇಶಿ ವಿಶ್ವವಿದ್ಯಾಲಯ ಬರುವ ಸುದ್ದಿ ಓದಿದಾಗಲೆಲ್ಲ ನನಗೆ ನಮ್ಮ ತೋಟದ ಮರಗಳಿಗೆ ಹೊಡೆದಿದ್ದ ಅಲ್ಯೂಮಿನಿಯಂ ಬಿಲ್ಲೆಗಳು ನೆನಪಾಗುತ್ತವೆ.

ಹದಿನೈದು ವರ್ಷದ ಹಿಂದಿನ ಮಾತು. ಹೊರದೇಶದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕೊಡಗಿನ ಪೊನ್ನಂಪೇಟೆ ಸಮೀಪದ ನಮ್ಮ ಕಾಫಿ ತೋಟಕ್ಕೆ ಬಂದು, ಮೂರು ವಾರ ನೆರಳು ಮರಗಳಿಗೆ ನಂಬರಿನ ಬಿಲ್ಲೆ ಹೊಡೆದು ಸುತ್ತಳತೆ ತೆಗೆದಳು. ತೋಟದಲ್ಲಿ ಕೆಲಸಕ್ಕಿದ್ದ ಯರವ ಬುಡಕಟ್ಟಿನ ಹಿರಿಯರೊಬ್ಬರು ಮರ ಮುಟ್ಟಿ ಹೆಸರು ಹೇಳುತ್ತಿದ್ದರು, ಯಾವ ಹಣ್ಣಿಗೆ ಯಾವ ಹಕ್ಕಿ ಬರುತ್ತದೆಂದೂ ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ‘ರಿಪೋರ್ಟ್ ಕಳಿಸ್ತೇನೆ ಅಂಕಲ್’ ಎಂದು ಹೋದಳು. (ಪಂದಿ ಕರಿಯನ್ನು ಎರಡೆರಡು ಸಲ ಹಾಕಿಸಿಕೊಂಡಳು, ಅದರ ಬಗ್ಗೆ ನನ್ನ ತಕರಾರಿಲ್ಲ!) ಬಿಲ್ಲೆಗಳನ್ನು ತೊಗಟೆ ನುಂಗಿತು, ರಿಪೋರ್ಟ್ ಬರಲಿಲ್ಲ. ಅವಳನ್ನು ದೂರಿ ಫಲವಿಲ್ಲ. ಅವಳ ಗೈಡ್ ಕೇಳಿದ್ದು ಪ್ರಬಂಧವನ್ನು. ನಮಗೊಂದು ಕಾಗದ ಬರೆದೆಯಾ ಎಂದು ಯಾರೂ ಕೇಳಿರಲಾರರು.

ಹೊರಗಿನವರು ಬರಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಜೊತೆ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರೂ ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆ ಸಿರಾಡ್‌ನವರೂ ಕೆಲಸ ಮಾಡಿದ್ದಾರೆ. ತೋಟಗಳಲ್ಲಿ ಬೀಟೆ, ನಂದಿಯಂಥ ಕಾಡುಮರ ಹೋಗಿ ಹೊರಗಿನಿಂದ ಬಂದ ಸಿಲ್ವರ್ ಓಕ್ ಏಕೆ ತುಂಬುತ್ತಿದೆ, ಸಾವಿರಕ್ಕೂ ಹೆಚ್ಚಿರುವ ನಮ್ಮ ದೇವರಕಾಡುಗಳಲ್ಲಿ ಏನು ಉಳಿದಿದೆ ಎಂಬುದು ಜಗತ್ತಿಗೂ ಬೇಕಾದ ವಿದ್ಯೆ, ನಮಗಂತೂ ಬೇಕೇಬೇಕು. ಕಾಡುಮರ ನಮ್ಮ ತೋಟದಲ್ಲಿದ್ದರೂ ಕಡಿಯಲು ಸರ್ಕಾರದ ಅನುಮತಿ ಬೇಕೆನ್ನುವ ಮರದ ಹಕ್ಕಿನ ಕಾನೂನಿಗೆ ಹೆದರಿ ನಾನೂ ಓಕ್ ನೆಟ್ಟವನೇ.

ಆದರೆ ವಿದೇಶಿ ಕ್ಯಾಂಪಸ್‌ಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ಮಾಡಿದ ನಿಯಮ ಮುಖ್ಯವಾಗಿ ಏನು ನೋಡುತ್ತದೆ? ಜಾಗತಿಕ ಪಟ್ಟಿಯ ಮೊದಲ 500ರಲ್ಲಿ ಹೆಸರಿದೆಯೇ ಎಂದು. ಶುಲ್ಕ ಎಷ್ಟೆಂಬುದು ಅವರಿಗೇ ಬಿಟ್ಟದ್ದು. ಆ ಯರವ ಅಜ್ಜನ ತಿಳಿವಳಿಕೆಗೆ ಆ ಪಟ್ಟಿಯಲ್ಲಿ ಎಷ್ಟು ಅಂಕ? 2025ರಲ್ಲಿ ಬೆಂಗಳೂರಿನಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ನಮ್ಮ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವನ್ನು ಮುಚ್ಚುವುದೇ ಲೇಸೆಂದು ರಾಜ್ಯದ ಸಂಪುಟ ಉಪಸಮಿತಿ ಹೇಳಿತು. ದಕ್ಷಿಣ ಕೊಡಗಿನ ಕೂಲಿಕಾರರ ಮಕ್ಕಳಿಗೆ ಚಿಕ್ಕ ಅಳುವಾರವೇ ದೂರ. ಇನ್ನು ಬೆಂಗಳೂರಿನ ಲಿವರ್‌ಪೂಲ್!

ಜಿಲ್ಲೆಯ ಕಾಲೇಜುಗಳು ಹೊರದೇಶದವರ ಜೊತೆ ಒಪ್ಪಂದಕ್ಕೆ ಸಹಿ ಹಾಕುವಾಗ ಒಂದು ಷರತ್ತು ಬರೆಸಲಿ: ಇಲ್ಲಿ ಕಂಡುಕೊಂಡದ್ದರ ಸಾರಾಂಶ ಕನ್ನಡದಲ್ಲಿ ಆ ಊರಿನ ಪಂಚಾಯಿತಿಗೆ ಬರಬೇಕು. ಮರದ ಹೆಸರು ಹೇಳಿದವರ ಹೆಸರೂ ಅದರಲ್ಲಿರಲಿ. ಸಾಧ್ಯವಾದರೆ ನಮ್ಮ ಹುಡುಗಿಯೊಬ್ಬಳು ಹೋಗಿ ಅವರ ಊರಿನ ಮರಗಳನ್ನೂ ಅಳೆದು ಬರಲಿ.

ಆ ಅಜ್ಜ ಈಗಿಲ್ಲ. ಕೆರೆಯ ಬದಿಯ ಅತ್ತಿಮರದಲ್ಲಿ ಒಂದು ಬಿಲ್ಲೆ ಇನ್ನೂ ಅರ್ಧ ಕಾಣುತ್ತದೆ, ನಂಬರ್ 117. ಅದರ ಲೆಕ್ಕ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳಿಸಿಕೊಡಿ.

ಇಂತಿ,
ಒಬ್ಬ ನಿವೃತ್ತ ಉಪನ್ಯಾಸಕ, ಕಾಫಿ ಬೆಳೆಗಾರ
ಪೊನ್ನಂಪೇಟೆ ತಾಲ್ಲೂಕು, ಕೊಡಗು